ಗಣಿತದ ಭಯವೂ ಗಣಕಯಂತ್ರದ ಆಮೆಯೂ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕನ್ನಡ ಸಂಘದ ಉತ್ಸವವೆಂದರೆ ಕಾವ್ಯವಾಚನ, ಯಕ್ಷಗಾನ, ನಾಡುನುಡಿಗಳ ಚಿಂತನೆ ನಡೆಯತಕ್ಕ ಸ್ಥಳ. ಇಂಥ ವೇದಿಕೆಯಲ್ಲಿ ನಾವು ಗಣಿತದ ಮಾತನ್ನೂ ಗಣಕಯಂತ್ರದ ಮಾತನ್ನೂ ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ವಿಷಯಕ್ಕೂ ಸಂಘದ ಮೂಲೋದ್ದೇಶಕ್ಕೂ ಇರುವ ನಂಟು ಬಹಳ ಹತ್ತಿರದ್ದು. ನಮ್ಮ ಕಾಸರಗೋಡು ಸೀಮೆಯಲ್ಲಿ ಕನ್ನಡ ಶಾಲೆ ಉಳಿದರೆ ಕನ್ನಡ ಉಳಿಯುತ್ತದೆ. ಅಲ್ಲಿ ಕಲಿತ ಮಗು ಯಾವ ವಿಷಯದಲ್ಲಿಯೂ ಹಿಂದೆ ಬೀಳದೆಂಬ ಧೈರ್ಯ ತಂದೆತಾಯಂದಿರಿಗಿದ್ದರೆ ಕನ್ನಡ ಶಾಲೆ ಉಳಿಯುತ್ತದೆ. ಆ ಧೈರ್ಯ ಮೊಟ್ಟಮೊದಲು ಕುಸಿಯುವುದು ಎಲ್ಲಿ ಎಂದು ಕೇಳಿದರೆ, ಗಣಿತದಲ್ಲಿ ಎಂದೇ ಉತ್ತರ ಹೇಳಬೇಕಾಗುತ್ತದೆ.

ಮಗು ಲೆಕ್ಕದಲ್ಲಿ ಸೋತಿತೆಂದರೆ ಊರು ಏನನ್ನುತ್ತದೆ? ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತದೆ. ಸೋಲಿಗೆ ಕಾರಣ ಬೇರೆಯಾದರೂ ಅಪವಾದ ಬರುವುದು ನಮ್ಮ ಭಾಷೆಯ ಮೇಲೆ. ಮರುವರ್ಷ ಆ ಮಗುವಿನ ತಮ್ಮನೋ ತಂಗಿಯೋ ಕನ್ನಡ ತರಗತಿಯ ಹೊಸ್ತಿಲನ್ನು ತುಳಿಯುವುದಿಲ್ಲ. ಹೀಗೆ ಒಂದೊಂದು ಮನೆಯಾಗಿ ನಮ್ಮ ಶಾಲೆಗಳು ಬರಿದಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದುದರಿಂದ ಗಣಿತದಲ್ಲಿ ಸೋಲುವ ಮಗುವನ್ನು ಎತ್ತಿ ನಿಲ್ಲಿಸುವ ಕೆಲಸವನ್ನು ಕನ್ನಡದ ಕೆಲಸವೆಂದೇ ನಾವು ತಿಳಿಯಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಆ ಇತಿಹಾಸವನ್ನು ಇಲ್ಲಿ ವಿಸ್ತರಿಸುವುದು ನಮ್ಮ ಉದ್ದೇಶವಲ್ಲ. ನಕ್ಷೆಯ ಗೆರೆ ಎಲ್ಲಿಯೇ ಇರಲಿ, ನಮ್ಮ ಮಕ್ಕಳು ಬರೆಯತಕ್ಕದ್ದು ಕೇರಳದ ಪರೀಕ್ಷೆಯನ್ನು. 2024ರಲ್ಲಿ ಕೇರಳ ಸರಕಾರವು 8ನೆಯ ತರಗತಿಯಿಂದ ಮೊದಲುಮಾಡಿ ಪ್ರತಿಯೊಂದು ವಿಷಯದ ಲಿಖಿತ ಪರೀಕ್ಷೆಯಲ್ಲಿಯೂ ಶೇಕಡಾ 30 ಅಂಕಗಳ ಕನಿಷ್ಠ ಮಿತಿಯನ್ನು ನಿಶ್ಚಯಿಸಿತು. ಇತರ ವಿಷಯಗಳಲ್ಲಿ ಪಡೆದ ಅಂಕಗಳ ಮರೆಯಲ್ಲಿ ಗಣಿತದ ದೌರ್ಬಲ್ಯವನ್ನು ಅಡಗಿಸಿ ಮುಂದೆ ಸಾಗುವ ದಾರಿ ಇದರಿಂದ ಮುಚ್ಚಿತು. ನಮ್ಮ ಚಿಂತೆಗೆ ತುರ್ತು ಬಂದಿರುವುದು ಇದರಿಂದಲೇ.

ಇನ್ನು ಮಗು ಗಣಿತದಲ್ಲಿ ಸೋಲುವುದು ಹೇಗೆಂಬುದನ್ನು ಸ್ವಲ್ಪ ವಿಚಾರಿಸೋಣ. ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳನ್ನು ಹೇಗೋ ಮಾಡಿಕೊಂಡು ಬಂದ ಹುಡುಗನ ಮುಂದೆ ಪ್ರೌಢಶಾಲೆಯಲ್ಲಿ ಅಕಸ್ಮಾತ್ತಾಗಿ ಅಕ್ಷರಗಳು ಬಂದು ನಿಲ್ಲುತ್ತವೆ. ಅಂಕೆಗಳ ನಡುವೆ ಈ 'ಎಕ್ಸ್' ಎಂಬ ಅಕ್ಷರಕ್ಕೇನು ಕೆಲಸವೆಂದು ಅವನಿಗೆ ತಿಳಿಯದು. ಕೇಳಲು ನಾಚಿಕೆ. ಹಲಗೆಯ ಮೇಲಿನದನ್ನು ಪುಸ್ತಕಕ್ಕೆ ಇಳಿಸಿಕೊಂಡು ಸುಮ್ಮನಾಗುತ್ತಾನೆ. ಗಣಿತವೋ ಏಣಿಯಂಥದ್ದು, ಒಂದು ಮೆಟ್ಟಲು ಮುರಿದಿದ್ದರೆ ಮೇಲಿನ ಮೆಟ್ಟಲುಗಳೆಲ್ಲ ಇದ್ದೂ ಇಲ್ಲದಂತೆ. ಅವನು ಬರೆದ ಉತ್ತರಕ್ಕೆ ಕೆಂಪು ಶಾಯಿಯ ಅಡ್ಡಗೆರೆ ಬೀಳುತ್ತದೆ. ಆ ಗೆರೆ 'ತಪ್ಪು' ಎಂದು ಹೇಳುತ್ತದೆಯೇ ಹೊರತು ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಹೇಳುವುದಿಲ್ಲ. ತಿದ್ದಿ ಮತ್ತೆ ನೋಡು ಎಂದು ಕರೆಯುವುದೂ ಇಲ್ಲ. ಇಂಥ ನೂರು ಗೆರೆಗಳು ಬಿದ್ದ ಮೇಲೆ 'ನನಗೆ ಲೆಕ್ಕ ಬಾರದು' ಎಂಬ ತೀರ್ಪನ್ನು ಮಗು ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ.

ಗಣಕಯಂತ್ರ ಪ್ರಯೋಜನಕ್ಕೆ ಬರುವುದು ಇಲ್ಲಿ. ಕೋಡಿಂಗ್ ಎಂದು ಇಂದು ಎಲ್ಲರ ಬಾಯಲ್ಲಿರುವ ವಿದ್ಯೆಯ ತಿರುಳು ಸರಳವಾದದ್ದು. ಯಂತ್ರ ಮಾಡಬೇಕಾದ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ, ಯಾವ ಸಂದಿಗ್ಧಕ್ಕೂ ಎಡೆಯಿಲ್ಲದಂತೆ ಬರೆದುಕೊಡುವುದೇ ಕೋಡಿಂಗ್. ಹಾಗೆ ಬರೆದ ಆದೇಶಗಳ ಸಾಲಿಗೆ ಕ್ರಮವಿಧಿಯೆಂದು ಹೆಸರು. ಯಂತ್ರಕ್ಕೆ ಊಹೆಯ ಶಕ್ತಿಯಿಲ್ಲ. ಬರೆದದ್ದನ್ನು ಬರೆದಂತೆಯೇ ಮಾಡುತ್ತದೆ. ತಪ್ಪಾಗಿ ಬರೆದರೆ ತಪ್ಪನ್ನೇ ಮಾಡಿ ತೋರಿಸುತ್ತದೆ. ಆದರೆ ಗದರುವುದಿಲ್ಲ, ನಗುವುದಿಲ್ಲ, ಬೇಸರಿಸುವುದೂ ಇಲ್ಲ. ತಿದ್ದಿದರೆ ಮತ್ತೆ ಮಾಡುತ್ತದೆ. ಹತ್ತು ಸಲ ತಿದ್ದಿದರೆ ಹತ್ತು ಸಲವೂ ಮಾಡುತ್ತದೆ. ಕ್ರಮವಿಧಿ ಬರೆಯುವವರ ಲೋಕದಲ್ಲಿ ತಪ್ಪೆಂಬುದು ಅವಮಾನದ ಸಂಗತಿಯಲ್ಲ. ಹುಡುಕಿ ತಿದ್ದುವುದೇ ಅಲ್ಲಿ ದಿನನಿತ್ಯದ ಉದ್ಯೋಗ. ಸೋತ ಮಗುವಿಗೆ ಬೇಕಾದ ಔಷಧ ಇದೇ ಅಲ್ಲವೆ?

ಈ ವಿಚಾರವನ್ನು ಗಾಢವಾಗಿ ಚಿಂತಿಸಿದ ಪುರುಷನೊಬ್ಬನ ಹೆಸರನ್ನು ಇಲ್ಲಿ ಹೇಳಬೇಕು. ಸೆಮರ್ ಪ್ಯಾಪರ್ಟ್ 1928ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಣಿತಜ್ಞ. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಭ್ಯಸಿಸಿದ ಜೀನ್ ಪಿಯಾಜೆಯವರೊಡನೆ ಜಿನೀವದಲ್ಲಿ ಕೆಲವು ವರ್ಷ ದುಡಿದು, ಅನಂತರ ಅಮೆರಿಕಕ್ಕೆ ಹೋದವರು. 1967ರಲ್ಲಿ ಅವರೂ ವಾಲಿ ಫೋಯರ್‌ಜಿಗ್, ಸಿಂಥಿಯಾ ಸಾಲೊಮನ್ ಎಂಬ ಸಹೋದ್ಯೋಗಿಗಳೂ ಸೇರಿ ಮಕ್ಕಳಿಗಾಗಿ 'ಲೋಗೊ' ಎಂಬ ಕ್ರಮವಿಧಿಯ ಭಾಷೆಯನ್ನು ನಿರ್ಮಿಸಿದರು. ತಮ್ಮ ತತ್ತ್ವವನ್ನು ಪ್ಯಾಪರ್ಟರು 1980ರಲ್ಲಿ 'ಮೈಂಡ್‌ಸ್ಟಾರ್ಮ್ಸ್' ಎಂಬ ಗ್ರಂಥದಲ್ಲಿ ವಿವರಿಸಿದರು. 2016ರಲ್ಲಿ ಅವರು ತೀರಿಕೊಂಡರು.

ಪ್ಯಾಪರ್ಟರ ವಾದದ ಸಾರ ಹೀಗಿದೆ. ಅಮೆರಿಕದ ತರಗತಿಯಲ್ಲಿ ಫ್ರೆಂಚ್ ಭಾಷೆ ಕಲಿಯಲಾರದ ಮಗು ಫ್ರಾನ್ಸಿನಲ್ಲಿ ಬೆಳೆದಿದ್ದರೆ ಅದನ್ನು ಸಲೀಸಾಗಿ ಆಡುತ್ತಿತ್ತು. ಹಾಗಿರುವಾಗ ಕೊರತೆ ಮಗುವಿನದೆನ್ನಲಾಗದು. ಆ ಭಾಷೆ ಜೀವಂತವಾಗಿ ನಡೆಯುವ ಊರಿನಲ್ಲಿ ಮಗು ಇಲ್ಲದಿರುವುದೇ ಕೊರತೆ. ಗಣಿತವೂ ಒಂದು ಭಾಷೆ. ಗಣಿತವನ್ನೇ ಆಡಿ ಕೆಲಸ ಮಾಡಿಸಿಕೊಳ್ಳಬೇಕಾದ ಊರೊಂದಿದ್ದರೆ ಮಕ್ಕಳು ಅದನ್ನೂ ಹಾಗೆಯೇ ಕಲಿತಾರು. ಗಣಕಯಂತ್ರದ ಮೂಲಕ ಅಂಥ ಊರೊಂದನ್ನು ಕಟ್ಟಿಕೊಡಬಹುದು.

ಈ ಮಾತನ್ನು ಬೇರೆ ಯಾರು ನಂಬದಿದ್ದರೂ ಕಾಸರಗೋಡಿನವರಾದ ನಾವು ನಂಬಬೇಕು. ಸಪ್ತಭಾಷಾ ಸಂಗಮಭೂಮಿಯೆಂದು ನಮ್ಮ ನೆಲವನ್ನು ಕರೆಯುತ್ತಾರೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಮಗು ಶಾಲೆಯಲ್ಲಿ ಕನ್ನಡ ಓದುತ್ತದೆ, ಬಸ್ಸಿನಲ್ಲಿ ಮಲಯಾಳ ಆಡುತ್ತದೆ, ನೆರೆಮನೆಯ ಗೆಳೆಯನೊಡನೆ ಬ್ಯಾರಿ ಭಾಷೆಯಲ್ಲಿ ಜಗಳ ಕಾಯುತ್ತದೆ. ಇದಕ್ಕೆಲ್ಲ ಯಾರೂ ಟ್ಯೂಷನ್ ಕೊಡಿಸಿದ್ದಿಲ್ಲ. ನಾಲ್ಕು ಭಾಷೆಗಳ ವ್ಯಾಕರಣವನ್ನು ತಲೆಯಲ್ಲಿ ಹೊತ್ತ ಮಗುವಿಗೆ ಬೀಜಗಣಿತದ ವ್ಯಾಕರಣ ಹತ್ತದೆಂದು ಹೇಳುವುದು ನ್ಯಾಯವೆ? ಆ ಭಾಷೆಯನ್ನು ಆಡಲು ನಾವು ಅದಕ್ಕೊಂದು ಪೇಟೆಬೀದಿಯನ್ನು ಒದಗಿಸಲಿಲ್ಲ, ಅಷ್ಟೆ.

ಈಗ ಉದಾಹರಣೆಗೆ ಬರೋಣ. ಲೋಗೊ ಭಾಷೆಯಲ್ಲಿ ತೆರೆಯ ಮೇಲೆ ಒಂದು 'ಆಮೆ' ಇರುತ್ತದೆ. 'ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು' ಎಂದು ಬರೆದರೆ ಅದು ಗೆರೆ ಎಳೆಯುತ್ತ ಸಾಗುತ್ತದೆ. ಅದೇ ಆಮೆ ಇಂದು ಪೈಥಾನ್ ಎಂಬ ಭಾಷೆಯಲ್ಲಿಯೂ ಇದೆ. ಒಬ್ಬ ಹುಡುಗಿಗೆ ಸಮಬಾಹು ತ್ರಿಭುಜವನ್ನು ಬರೆಯಿಸೆಂದು ಹೇಳಿದೆವೆನ್ನಿ. ಅಂಥ ತ್ರಿಭುಜದ ಕೋನ 60 ಡಿಗ್ರಿ ಎಂದು ಪುಸ್ತಕದಲ್ಲಿ ಓದಿದ್ದಾಳೆ. '100 ಹೆಜ್ಜೆ ಮುಂದೆ, 60 ಡಿಗ್ರಿ ಎಡಕ್ಕೆ' ಎಂದು ಮೂರು ಸಲ ಬರೆಯುತ್ತಾಳೆ. ಆಮೆ ತ್ರಿಭುಜವನ್ನು ಬರೆಯುವುದಿಲ್ಲ. ಬಾಯಿ ತೆರೆದ ದೋಣಿಯಂಥ ಆಕೃತಿಯನ್ನು ಬರೆದು, ಹೊರಟ ಸ್ಥಳದಿಂದ 200 ಹೆಜ್ಜೆ ದೂರದಲ್ಲಿ ನಿಂತುಬಿಡುತ್ತದೆ.

ಕಾಗದದ ಪರೀಕ್ಷೆಯಲ್ಲಾದರೆ ಕಥೆ ಇಲ್ಲಿಗೆ ಮುಗಿಯಿತು. ಇಲ್ಲಿ ಕಥೆ ಮೊದಲಾಗುತ್ತದೆ. ಏಕೆ ಹೀಗಾಯಿತು? ಹುಡುಗಿಯನ್ನು ಅಂಗಳಕ್ಕೆ ಕರೆದು, ನೀನೇ ಆಮೆಯಾಗಿ ನಡೆದು ನೋಡೆನ್ನಬೇಕು. ತ್ರಿಭುಜದ ಒಂದು ಬದಿಯಲ್ಲಿ ನಡೆದು ಮೂಲೆಗೆ ಬಂದಾಗ ಅವಳ ಮುಖ ನೇರಕ್ಕೆ ಇದೆ. ಮುಂದಿನ ಬದಿಯ ಕಡೆಗೆ ಮುಖ ಮಾಡಬೇಕಾದರೆ ಎಷ್ಟು ತಿರುಗಬೇಕು? ಒಳಗಿನ 60ರಷ್ಟಲ್ಲ, ಹೊರಗಿನ 120ರಷ್ಟು. ಪುಸ್ತಕದಲ್ಲಿ 'ಬಾಹ್ಯಕೋನ' ಎಂದು ಸತ್ತಂತೆ ಬಿದ್ದಿದ್ದ ಪದ ಅವಳ ಹೆಗಲಿನಲ್ಲಿಯೇ ತಿರುಗಿ ಜೀವ ತಳೆಯುತ್ತದೆ. 60ನ್ನು 120 ಮಾಡಿದರೆ ತ್ರಿಭುಜ ಕೂಡಿಕೊಳ್ಳುತ್ತದೆ. 60ನ್ನೇ ಉಳಿಸಿ ಆರು ಸಲ ನಡೆಸಿದರೆ ಚೆಂದದ ಷಡ್ಭುಜ ಮೂಡುತ್ತದೆ. ಹಾಗಾದರೆ ಮೊದಲು ಬಂದದ್ದು ಅರ್ಧ ಷಡ್ಭುಜ! ತಪ್ಪೆಂದು ತಿಳಿದದ್ದು ಇನ್ನೊಂದು ಪ್ರಶ್ನೆಗೆ ಸರಿಯುತ್ತರವಾಗಿತ್ತು.

ಮುಂದಿನ ಹೆಜ್ಜೆ ತಾನಾಗಿ ಬರುತ್ತದೆ. ತ್ರಿಭುಜಕ್ಕೆ 120, ಚೌಕಕ್ಕೆ 90, ಪಂಚಭುಜಕ್ಕೆ 72, ಷಡ್ಭುಜಕ್ಕೆ 60. ಬದಿಗಳ ಸಂಖ್ಯೆಯಿಂದ ಗುಣಿಸಿದರೆ ಎಲ್ಲವೂ 360. ಏಕೆಂದರೆ ಒಂದು ಸುತ್ತು ನಡೆದು ಹೊರಟಲ್ಲಿಗೆ ಬಂದು ಮೊದಲಿನ ದಿಕ್ಕಿಗೇ ಮುಖ ಮಾಡಿದವನು ಒಟ್ಟಿನಲ್ಲಿ ಒಂದು ಪೂರ್ಣ ಸುತ್ತನ್ನು ತಿರುಗಿಯೇ ಇರಬೇಕು. ಇದಕ್ಕೆ ಕಂಠಪಾಠ ಬೇಡ. ಬಾವಿಯ ಕಟ್ಟೆಗೆ ಒಂದು ಸುತ್ತು ಬಂದ ಯಾವ ಮಗುವಿಗೂ ಅರ್ಥವಾಗುವ ಪ್ರಮೇಯವಿದು. 144 ಡಿಗ್ರಿಯಂತೆ ಐದು ಸಲ ತಿರುಗಿಸಿದರೆ ಏನಾಗುವುದೆಂದು ಮಕ್ಕಳನ್ನೇ ಕೇಳಬೇಕು. ಆಮೆ ಎರಡು ಸುತ್ತು, ಎಂದರೆ 720 ಡಿಗ್ರಿ ತಿರುಗಿ ಐದು ಮೂಲೆಯ ನಕ್ಷತ್ರವನ್ನು ಬರೆದು ನಿಲ್ಲುತ್ತದೆ.

ರೇಖಾಗಣಿತದ ಮಾತು ಇಷ್ಟಾಯಿತು. ಹೆಚ್ಚಿನ ಮಕ್ಕಳು ಮುಗ್ಗರಿಸುವುದು ಬೀಜಗಣಿತದಲ್ಲಿ. ಅಮೆರಿಕದಲ್ಲಿ ಗಣಿತದ ಅಧ್ಯಾಪಕರಾಗಿದ್ದ ಇಮ್ಯಾನುಯೆಲ್ ಶಾಂಜರ್ ಎಂಬವರು ಆರಂಭಿಸಿ, ಬ್ರೌನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದ 'ಬೂಟ್‌ಸ್ಟ್ರಾಪ್' ಎಂಬ ಪಾಠಕ್ರಮವೊಂದಿದೆ. ಅಲ್ಲಿ ಮಕ್ಕಳು ಬೀಜಗಣಿತವನ್ನು ಪ್ರಯೋಗಿಸಿ ತಮ್ಮದೇ ಒಂದು ಚಿಕ್ಕ ವೀಡಿಯೊ ಆಟವನ್ನು ರಚಿಸುತ್ತಾರೆ. ಆಟದಲ್ಲಿ ಎರಡು ಪಾತ್ರಗಳು ಡಿಕ್ಕಿಯಾದುವೋ ಇಲ್ಲವೋ ಎಂದು ತಿಳಿಯಲು ಅವುಗಳ ನಡುವಿನ ದೂರ ಬೇಕು. ದೂರಕ್ಕೆ ಪೈಥಾಗೊರಸನ ಪ್ರಮೇಯ ಬೇಕು. ಹೀಗೆ ಸೂತ್ರದ ಅಗತ್ಯ ಮಗುವಿಗೆ ತಾನಾಗಿಯೇ ಹುಟ್ಟುತ್ತದೆ. ಆ ಪಾಠಕ್ರಮದ ಮುಖ್ಯ ಉಪಾಯವನ್ನು ನಮ್ಮ ಅಡಕೆಯ ತೋಟಕ್ಕೆ ತಂದು ವಿವರಿಸುತ್ತೇವೆ.

ಲೆಕ್ಕದ ಸೌಕರ್ಯಕ್ಕಾಗಿ ಚಾಲಿ ಅಡಕೆಗೆ ಕಿಲೋಗೆ 400 ರೂಪಾಯಿ, ಪೇಟೆಗೆ ಒಂದು ಸಲ ಸಾಗಿಸುವುದಕ್ಕೆ 150 ರೂಪಾಯಿ ಎಂದಿಟ್ಟುಕೊಳ್ಳೋಣ. ಕೈಗೆ ಬರುವ ಹಣವೆಷ್ಟು? ಮೊದಲು ಸೂತ್ರ ಬರೆಯುವಂತಿಲ್ಲ. ಮೊದಲು ಮಗು ಒಂದು ವಾಕ್ಯದಲ್ಲಿ ಹೇಳಬೇಕು: ಯಂತ್ರಕ್ಕೆ ಕೊಡುವುದು ಏನು, ಅದರಿಂದ ಪಡೆಯುವುದು ಏನು? ಕೊಡುವುದು ತೂಕ, ಪಡೆಯುವುದು ಹಣ. ಎರಡನೆಯದಾಗಿ, ಬರಿಯ ಅಂಕೆಗಳಿಂದ ಎರಡು ಉದಾಹರಣೆಗಳನ್ನು ಕೈಯಾರೆ ಮಾಡಬೇಕು. 5 ಕಿಲೋ ಒಯ್ದರೆ 5ನ್ನು 400ರಿಂದ ಗುಣಿಸಿ 150 ಕಳೆದು 1850. 8 ಕಿಲೋ ಒಯ್ದರೆ 8ನ್ನು 400ರಿಂದ ಗುಣಿಸಿ 150 ಕಳೆದು 3050. ಮೂರನೆಯದಾಗಿ, ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದು, ಬದಲಾದ ಅಂಕೆಗೆ ಪೆನ್ಸಿಲಿನಿಂದ ಸುತ್ತು ಹಾಕಬೇಕು. 400 ಬದಲಾಗಲಿಲ್ಲ, 150 ಬದಲಾಗಲಿಲ್ಲ. ಬದಲಾದದ್ದು 5 ಮತ್ತು 8. ಅವು ಯಾವುದರ ಅಂಕೆಗಳು? ತೂಕದವು. ಹಾಗಿದ್ದರೆ ಆ ಜಾಗದಲ್ಲಿ 'ತೂಕ' ಎಂದೇ ಬರೆ. ತೂಕವನ್ನು 400ರಿಂದ ಗುಣಿಸಿ 150 ಕಳೆ. ಮುಗಿಯಿತು!

ಮುಗಿದದ್ದು ಸಣ್ಣ ಸಂಗತಿಯಲ್ಲ. ಬದಲಾಗುವ ಸಂಖ್ಯೆಗೆ ಇಟ್ಟ ಹೆಸರೇ ಚರವೆಂಬುದೂ, ಕೊಟ್ಟದ್ದಕ್ಕೆ ತಕ್ಕದ್ದನ್ನು ಮರಳಿಸುವ ನಿಯಮವೇ ಫಲನವೆಂಬುದೂ ಮಗುವಿಗೆ ತಿಳಿಯಿತು. ಎಲ್ಲಿಂದಲೋ ಬಂದೆರಗಿದ 'ಎಕ್ಸ್' ಈಗ ತಾನೇ ಹೆಸರಿಟ್ಟ ಕೂಸಾಯಿತು. ಈ ನಿಯಮವನ್ನು ಯಂತ್ರಕ್ಕೆ ಬರೆದುಕೊಟ್ಟ ಮೇಲೆ ಆಟ ಮುಂದುವರಿಯುತ್ತದೆ. ತೂಕ ಸೊನ್ನೆಯೆಂದು ಕೊಟ್ಟರೆ ಯಂತ್ರವು ಋಣ 150 ಎನ್ನುತ್ತದೆ. ಏನೂ ಒಯ್ಯದೆ ಗಾಡಿ ಕಟ್ಟಿದವನಿಗೆ ಕೈಯಿಂದ ಹೋದ ಹಣವದು. ಋಣಸಂಖ್ಯೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೆ? ಇನ್ನು 10,250 ರೂಪಾಯಿ ಕೈಗೆ ಬರಬೇಕಾದರೆ ಎಷ್ಟು ಕಿಲೋ ಒಯ್ಯಬೇಕು? ಮೊದಲು ಯಂತ್ರದಿಂದ 1, 2, 3 ಎಂದು ಒಂದೊಂದಾಗಿ ಪರೀಕ್ಷಿಸಿ ಹುಡುಕಿಸಬಹುದು, 26ರಲ್ಲಿ ಸಿಕ್ಕುತ್ತದೆ. ಆಮೇಲೆ, ಹುಡುಕದೆ ಹೇಳಬಹುದೆ ಎಂದು ಕೇಳಬೇಕು. ಕಡೆಗೆ ಕಳೆದ 150ನ್ನು ಮೊದಲು ಕೂಡು, ಮೊದಲು ಗುಣಿಸಿದ 400ರಿಂದ ಕಡೆಗೆ ಭಾಗಿಸು. ಹಾಕಿದ ಗಂಟನ್ನು ಹಿಂದಿನಿಂದ ಬಿಚ್ಚುತ್ತ ಬರುವುದೇ ಸಮೀಕರಣವನ್ನು ಬಿಡಿಸುವುದೆಂದು ಆಗ ಅರ್ಥವಾಗುತ್ತದೆ.

ಇನ್ನೊಂದು ಸಂತೋಷದ ಸಂಗತಿ. ಪೈಥಾನ್ ಭಾಷೆಯ 3ನೆಯ ಆವೃತ್ತಿ 2008ರಲ್ಲಿ ಹೊರಬಂದಂದಿನಿಂದ ಅದರಲ್ಲಿ ಚರಗಳಿಗೆ ಲೋಕದ ನಾನಾ ಲಿಪಿಗಳಲ್ಲಿ ಹೆಸರಿಡಬಹುದು. 'ತೂಕ' ಎಂದು ಕನ್ನಡ ಅಕ್ಷರಗಳಲ್ಲಿಯೇ ಬರೆದರೆ ಯಂತ್ರ ಒಪ್ಪಿಕೊಳ್ಳುತ್ತದೆ. ಬೆರಳಚ್ಚಿಸಿದ ಕನ್ನಡದ '೮'ನ್ನು ಸಂಖ್ಯೆಯಾಗಿ ಪರಿವರ್ತಿಸೆಂದರೆ ಎಂಟೆಂದೇ ಗ್ರಹಿಸುತ್ತದೆ. ಆದೇಶಗಳ ಮೂಲಪದಗಳು ಇಂಗ್ಲಿಷಿನವಾಗಿದ್ದರೂ ಅವುಗಳ ಸಂಖ್ಯೆ ದೊಡ್ಡದಲ್ಲ. ಲೆಕ್ಕದ ಅರ್ಥವನ್ನು ಹೊರುವ ಹೆಸರುಗಳೆಲ್ಲ ಕನ್ನಡದವಾಗಿರಬಹುದು. ಗಣಕಯಂತ್ರಕ್ಕೆ ಕನ್ನಡ ಬಾರದೆನ್ನುವವರಿಗೆ ಇದನ್ನು ತಿಳಿಸಬೇಕು.

ಚಕ್ರಬಡ್ಡಿಯ ಪಾಠವನ್ನೂ ಹೀಗೆಯೇ ಮಾಡಬಹುದು. 10,000 ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇಕಡಾ 10ರ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋಗೆಂದು ಯಂತ್ರಕ್ಕೆ ಹೇಳಿದರೆ 11,000, 12,100, 13,310 ಎಂದು ಸಾಲುಗಳು ಇಳಿಯುತ್ತವೆ. ಎಂಟನೆಯ ವರ್ಷದ ಕೊನೆಗೆ ಮೊತ್ತ 21,435 ರೂಪಾಯಿಯನ್ನು ದಾಟಿ, ಸಾಲ ಇಮ್ಮಡಿಯನ್ನು ಮೀರುತ್ತದೆ. ಪ್ರತಿವರ್ಷವೂ 1.1ರಿಂದ ಗುಣಿಸಿದ್ದೇ ಘಾತವೆಂದು ಕಂಡುಕೊಂಡ ಮಗು ಆ ಸೂತ್ರವನ್ನು ಮರೆಯದು. ದೊಡ್ಡವನಾದಾಗ ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸೀತು.

ವೃತ್ತದ ಪಾಠಕ್ಕೆ ಬಂದರೆ ನಮ್ಮ ನೆರೆಯ ಮಹಾಪುರುಷನೊಬ್ಬನನ್ನು ನೆನೆಯಬೇಕು. 14ನೆಯ ಶತಮಾನದಲ್ಲಿ ಕೇರಳದ ಸಂಗಮಗ್ರಾಮದಲ್ಲಿ ಹುಟ್ಟಿದ ಮಾಧವನು ವೃತ್ತದ ಪರಿಧಿಯನ್ನು ಅನಂತ ಶ್ರೇಢಿಯಿಂದ ಸಾಧಿಸುವ ದಾರಿಯನ್ನು ಕಂಡುಹಿಡಿದನು. ಒಂದರಿಂದ ಮೂರನೆಯ ಒಂದಂಶವನ್ನು ಕಳೆದು, ಐದನೆಯ ಒಂದಂಶವನ್ನು ಕೂಡಿ, ಏಳನೆಯ ಒಂದಂಶವನ್ನು ಕಳೆದು, ಹೀಗೆ ಸಾಗಿ ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ 'ಪೈ' ಬೆಲೆಗೆ ಹತ್ತಿರವಾಗುತ್ತ ಹೋಗುತ್ತದೆ. ನಾಲ್ಕೈದು ಸಾಲಿನ ಕ್ರಮವಿಧಿಯಿಂದ ಮಗು ಇದನ್ನು ನೋಡಬಹುದು. 10 ಪದಗಳಿಗೆ 3.0418; 100 ಪದಗಳಿಗೆ 3.1316, 1000 ಪದಗಳಿಗೆ 3.1406. ನಿಜವಾದ 3.1416ರ ಕಡೆಗೆ ಸಂಖ್ಯೆ ಮೆಲ್ಲಮೆಲ್ಲನೆ ಸರಿಯುವುದನ್ನು ಕಂಡ ಮಗುವಿಗೆ 'ಪೈ' ಎಂಬುದು ಪುಸ್ತಕದವರು ಕೊಟ್ಟ ಅಪ್ಪಣೆಯಾಗಿ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ಕರ್ತವ್ಯಲೋಪವಾದೀತು. ಕೋಡಿಂಗ್ ಕಲಿಸಿದರೆ ಸಾಕು, ಗಣಿತ ತಾನಾಗಿ ಬರುತ್ತದೆ ಎಂಬ ಪ್ರಚಾರ ಇಂದು ಬಲವಾಗಿದೆ. ಹಣ ಪಡೆದು ಹಾಗೆ ಕಲಿಸುವವರೂ ಇದ್ದಾರೆ. ಅನುಭವ ಅದನ್ನು ಸಮರ್ಥಿಸುವುದಿಲ್ಲ. 1980ರ ದಶಕದಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕುರ್ಲಂಡ್ ಎಂಬ ಸಂಶೋಧಕರು ಲೋಗೊ ಕಲಿತ ಮಕ್ಕಳನ್ನು ಪರೀಕ್ಷಿಸಿದಾಗ, ಯೋಜಿಸಿ ಕೆಲಸ ಮಾಡುವ ಶಕ್ತಿ ಅದರಿಂದ ತಾನಾಗಿ ಹೆಚ್ಚಿರಲಿಲ್ಲ. ಇಂಗ್ಲೆಂಡಿನಲ್ಲಿ 9ರಿಂದ 11 ವರ್ಷದ ಮಕ್ಕಳಿಗೆ 'ಸ್ಕ್ರಾಚ್‌ಮ್ಯಾಥ್ಸ್' ಎಂಬ ಪಾಠಕ್ರಮವನ್ನು ನೂರಕ್ಕೂ ಮಿಕ್ಕ ಶಾಲೆಗಳನ್ನೊಳಗೊಂಡು ಪರೀಕ್ಷಿಸಿ, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕ್ರಮಬದ್ಧವಾಗಿ ಚಿಂತಿಸುವ ಶಕ್ತಿ ಮೊದಲ ವರ್ಷ ಕೊಂಚ ಬೆಳೆದಿತ್ತು. ಆದರೆ ಎರಡು ವರ್ಷಗಳ ಕೊನೆಗೆ ಗಣಿತದ ಸರಕಾರಿ ಪರೀಕ್ಷೆಯ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ, ಶಾಂಜರ್ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬೂಟ್‌ಸ್ಟ್ರಾಪ್ ಕಲಿತ ಮಕ್ಕಳು ಬೀಜಗಣಿತದ ವಾಕ್ಯರೂಪದ ಲೆಕ್ಕಗಳಲ್ಲಿ ಸುಧಾರಿಸಿದರೆಂದು ತೋರಿಸಿದರು. ಪಾಠಕ್ರಮವನ್ನು ರಚಿಸಿದವರೇ ನಡೆಸಿದ ಪರೀಕ್ಷೆಯದೆಂಬುದನ್ನು ಮರೆಯದೆ ಆ ಮಾತನ್ನು ಸ್ವೀಕರಿಸಬೇಕು.

ಇವುಗಳಿಂದ ನಾವು ತೆಗೆಯುವ ಸಾರಾಂಶ ಇಷ್ಟು. ಗಣಿತದ ಯಾವ ಪಾಠದಲ್ಲಿ ಮಗು ಎಡವಿದೆಯೋ ಅದೇ ಪಾಠವನ್ನು ಹಿಡಿದು ಕ್ರಮವಿಧಿ ಬರೆಯಿಸಿದರೆ ಮತ್ತು ಬರೆದ ಮೇಲೆ ಪುಸ್ತಕದ ಲೆಕ್ಕಕ್ಕೆ ಮರಳಿ ಬಂದರೆ ಪ್ರಯೋಜನವುಂಟು. ಬೆಕ್ಕನ್ನು ಕುಣಿಸಿ ಬಣ್ಣ ತುಂಬಿ ಮನೆಗೆ ಕಳುಹಿಸಿದರೆ ಮಗುವಿಗೆ ಉಲ್ಲಾಸವಾದೀತು, ಲೆಕ್ಕ ಬಾರದು. ಸೇತುವೆಯ ಎರಡೂ ತುದಿಗಳನ್ನು ಅಧ್ಯಾಪಕನೇ ಕಟ್ಟಬೇಕು.

ಇನ್ನೂ ಎರಡು ತೊಡಕುಗಳಿವೆ. ಹಲವು ಕ್ರಮವಿಧಿ ಭಾಷೆಗಳಲ್ಲಿ 'ಎಕ್ಸ್ ಸಮ ಎಕ್ಸ್ ಕೂಡಿಸು ಒಂದು' ಎಂದು ಬರೆಯುವುದುಂಟು. ಅಲ್ಲಿ ಸಮಚಿಹ್ನೆಗೆ 'ಪೆಟ್ಟಿಗೆಯಲ್ಲಿರುವುದಕ್ಕೆ ಒಂದು ಸೇರಿಸಿ ಅಲ್ಲಿಯೇ ಇಡು' ಎಂಬ ಅರ್ಥ. ಬೀಜಗಣಿತದಲ್ಲಿ ಅದೇ ಸಾಲು ಎಂದಿಗೂ ನಿಜವಾಗದ ಮಾತು. ಈ ಭೇದವನ್ನು ಬಿಡಿಸಿ ಹೇಳದಿದ್ದರೆ ಮೊದಲೇ ಗೊಂದಲದಲ್ಲಿದ್ದ ಮಗು ಮತ್ತಷ್ಟು ಗೊಂದಲಕ್ಕೆ ಬೀಳುತ್ತದೆ. ಬೂಟ್‌ಸ್ಟ್ರಾಪಿನವರು ಚರಕ್ಕೆ ಬೀಜಗಣಿತದ ಅರ್ಥವೇ ಇರುವ ಭಾಷೆಯನ್ನು ಆರಿಸಿಕೊಂಡದ್ದು ಈ ಕಾರಣದಿಂದಲೇ. ಎರಡನೆಯದಾಗಿ, ಪ್ರಶ್ನೆ ಕೇಳಿದರೆ ಇಡೀ ಕ್ರಮವಿಧಿಯನ್ನೇ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಈಗ ಮೊಬೈಲಿನಲ್ಲಿಯೇ ಇವೆ. ಬೇರೆಯವರು ನಡೆದರೆ ನಮ್ಮ ಕಾಲಿಗೆ ಬಲ ಬರುತ್ತದೆಯೆ? ಕೈಯಾರೆ ಮಾಡಿದ ಎರಡು ಉದಾಹರಣೆಗಳು ಪುಸ್ತಕದಲ್ಲಿ ಕಾಣದೆ ಯಂತ್ರವನ್ನು ಮುಟ್ಟಕೂಡದೆಂಬ ನಿಯಮ ನಮ್ಮಲ್ಲಿರಬೇಕು. ಮೊದಲು ಪೆನ್ಸಿಲು, ಆಮೇಲೆ ಕೀಲಿಮಣೆ.

ಇನ್ನು ಭಾಷೆಯ ಮಾತು. ಗಣಿತಕ್ಕೆ ದೇಶಭಾಷೆ ಸಾಲದೆಂಬುದು ನಮ್ಮ ಪೂರ್ವಿಕರಿಗೆ ತಿಳಿಯದ ವಾದ. ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು. 16ನೆಯ ಶತಮಾನದಲ್ಲಿ ಜ್ಯೇಷ್ಠದೇವನು ಮಾಧವನ ಪರಂಪರೆಯ ಗಣಿತವನ್ನು ಉಪಪತ್ತಿಗಳೊಡನೆ 'ಯುಕ್ತಿಭಾಷಾ' ಎಂಬ ಗ್ರಂಥದಲ್ಲಿ ಮಲಯಾಳ ಭಾಷೆಯಲ್ಲಿ ವಿವರಿಸಿದನು. ಬಡಗಣಿಂದ ಕನ್ನಡದ ಗಣಿತ, ತೆಂಕಣಿಂದ ಮಲಯಾಳದ ಗಣಿತ. ಎರಡರ ನಡುವೆ ನಿಂತ ಕಾಸರಗೋಡಿನ ಮಗು ಗಣಿತಕ್ಕೆ ಪರಕೀಯನೆಂದು ಯಾರು ಹೇಳಿಯಾರು?

ಆದರೆ 'ಏಕೆ ತಪ್ಪಿತು' ಎಂಬ ಸಂಭಾಷಣೆ ನಡೆಯಬೇಕಾದದ್ದು ಮಗುವಿನ ಬಲ್ಲ ಭಾಷೆಯಲ್ಲಿ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳುಹಿಸಿದಾಗ ಕೆಡುವುದು ಆ ಸಂಭಾಷಣೆಯೇ. ಸೂತ್ರವನ್ನು ಹಲಗೆಯ ಮೇಲೆ ಯಾರೂ ಬರೆಯಬಲ್ಲರು; ತಪ್ಪಿದ ಮಗುವಿನ ಮನಸ್ಸಿನೊಳಗೆ ಇಳಿದು ಕೇಳಬಲ್ಲವನು ಅದರ ಮಾತು ಬಲ್ಲವನು ಮಾತ್ರ. ಈ ಹಕ್ಕಿಗಾಗಿ ನಮ್ಮ ಹೋರಾಟ ನಡೆಯುತ್ತಲೇ ಇರಬೇಕು. ಹೋರಾಟದ ಫಲ ಬರುವವರೆಗೆ ಮಗುವಿನ ವಯಸ್ಸು ಕಾಯುವುದಿಲ್ಲವೆಂಬುದನ್ನೂ ನೆನೆಯಬೇಕು.

ಆದುದರಿಂದ ಸಂಘದ ಮುಂದೆ ಕೆಲವು ಸಲಹೆಗಳನ್ನಿಡುತ್ತೇವೆ. ಗಣಕಯಂತ್ರದ ವಿದ್ಯೆಯಲ್ಲಿ ಕೇರಳ ಹಿಂದುಳಿದ ರಾಜ್ಯವಲ್ಲ. ಅಲ್ಲಿಯ ಪ್ರೌಢಶಾಲೆಗಳಲ್ಲಿ ಯಂತ್ರಗಳಿವೆ. ಸ್ಕ್ರಾಚ್, ಪೈಥಾನ್, ಜಿಯೊಜಿಬ್ರಾ ಮೊದಲಾದವು ಪಾಠಪುಸ್ತಕಗಳಲ್ಲಿ ಬಂದಿವೆ. ಆ ಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗಿವೆ. 2018ರಿಂದ 'ಲಿಟ್ಲ್ ಕೈಟ್ಸ್' ಎಂಬ ವಿದ್ಯಾರ್ಥಿಕೂಟಗಳೂ ನಡೆಯುತ್ತಿವೆ. ಆ ಕೂಟಕ್ಕೆ ಅಭಿರುಚಿ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸುತ್ತಾರೆ. ಆಸಕ್ತರಾದ ಚುರುಕು ಮಕ್ಕಳಿಗೆ ಅದು ಯೋಗ್ಯವಾದ ಏರ್ಪಾಡು. ನಮ್ಮ ಕಣ್ಣು ಹಿಂದಿನ ಬೆಂಚಿನ ಮೇಲಿರಬೇಕು. ಗಣಿತದಲ್ಲಿ 30ನ್ನು ಮುಟ್ಟಲಾರದ ಮಗುವನ್ನು ಕೋಡಿಂಗ್ ತರಗತಿಗೆ ಯಾರೂ ಕರೆಯುವುದಿಲ್ಲ. ಅದನ್ನೇ ಮೊದಲು ಕರೆಯೋಣ.

ವಾರಕ್ಕೊಂದು ಅಪರಾಹ್ನ, ಸಂಘದ ವಾಚನಾಲಯದಲ್ಲಿ, ಹತ್ತು ಹನ್ನೆರಡು ಮಕ್ಕಳ ಕೂಟ ಸಾಕು. ಐದಾರು ಹಳೆಯ ಲ್ಯಾಪ್‌ಟಾಪುಗಳು ಸಾಕು. ಒಂದಕ್ಕೆ ಇಬ್ಬರು ಕುಳಿತರೆ ಮಾತು ನಡೆಯುತ್ತದೆ, ಅದೇ ಒಳ್ಳೆಯದು. ನಾವು ಹೇಳಿದ ತಂತ್ರಾಂಶಗಳಿಗೆ ಬೆಲೆ ತೆರಬೇಕಾಗಿಲ್ಲ. ಒಮ್ಮೆ ಸ್ಥಾಪಿಸಿದ ಮೇಲೆ ಇಂಟರ್ನೆಟ್ಟೂ ಬೇಡ. ನಿವೃತ್ತರಾದ ಗಣಿತದ ಅಧ್ಯಾಪಕರು ಊರೂರಲ್ಲಿದ್ದಾರೆ. ಬೆಂಗಳೂರು ಮಂಗಳೂರುಗಳಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ನಮ್ಮ ಯುವಕ ಯುವತಿಯರು ರಜೆಗೆ ಊರಿಗೆ ಬರುತ್ತಾರೆ. ಗಣಿತ ಬಲ್ಲ ಹಿರಿಯರೂ ಯಂತ್ರ ಬಲ್ಲ ಕಿರಿಯರೂ ಜೊತೆಗೂಡಬೇಕು. ಶಾಲೆಯ ಅಧ್ಯಾಪಕರನ್ನು ಕೇಳಿ, ಆ ತಿಂಗಳಲ್ಲಿ ಮಕ್ಕಳಿಗೆ ಕಠಿನವಾದ ಒಂದೇ ಅಧ್ಯಾಯವನ್ನು ಆರಿಸಿಕೊಳ್ಳಬೇಕು. ಮೊದಲು ಕಾಗದ, ಆಮೇಲೆ ಯಂತ್ರ, ಕೊನೆಗೆ ಮತ್ತೆ ಪಾಠಪುಸ್ತಕದ ಲೆಕ್ಕ, ಇದೇ ಕ್ರಮ. ಚರ, ಫಲನ, ಬಾಹ್ಯಕೋನ ಮುಂತಾದ ಪದಗಳಿಗೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲಿಯೂ ಒಂದು ಚಿಕ್ಕ ಪದಪಟ್ಟಿಯನ್ನು ಸಂಘವೇ ಅಚ್ಚುಹಾಕಿಸಿದರೆ, ಮುಂದೆ ಉನ್ನತ ವ್ಯಾಸಂಗಕ್ಕೆ ಹೋದ ಮಗು ಭಾಷೆಯ ಹೊಸ್ತಿಲಲ್ಲಿ ಎಡವದು. ಯಂತ್ರ ಸಿಗದ ಊರಿನಲ್ಲಿಯೂ ಕೆಲಸ ನಿಲ್ಲಬೇಕಾಗಿಲ್ಲ. ಅಂಗಳವಿದೆ, ಸುಣ್ಣದ ಕಡ್ಡಿಯಿದೆ, ಆಮೆಯಾಗಲು ಮಕ್ಕಳಿದ್ದಾರೆ.

ತಂದೆತಾಯಂದಿರಲ್ಲಿ ಒಂದು ವಿಜ್ಞಾಪನೆ. ಮಗು ತಪ್ಪು ಮಾಡಿದಾಗ 'ನಿನ್ನಿಂದಾಗದು' ಎನ್ನಬೇಡಿ; 'ಯಾವ ಹೆಜ್ಜೆಯಲ್ಲಿ ತಪ್ಪಿತು, ತೋರಿಸು' ಎನ್ನಿ. ಆ ಒಂದು ಪ್ರಶ್ನೆಗೆ ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ನಾವು ಇಷ್ಟು ಹೊತ್ತು ವರ್ಣಿಸಿದ ವಿದ್ಯೆಯ ಬೀಜವೆಲ್ಲ ಆ ಪ್ರಶ್ನೆಯಲ್ಲಿದೆ.

ಕನ್ನಡ ಶಾಲೆಯಲ್ಲಿ ಓದಿದ ಹಿಂದಿನ ಬೆಂಚಿನ ಮಗುವೊಂದು ಎದ್ದು ನಿಂತು ಗಣಿತವನ್ನು ತನ್ನ ಮಾತಿನಲ್ಲಿ ವಿವರಿಸಿದ ದಿನ, ನಮ್ಮ ಭಾಷೆಯ ಪರವಾಗಿ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿರದು. ಆ ದಿನಕ್ಕಾಗಿ ಈ ವರ್ಷದಿಂದಲೇ ಕೆಲಸ ಆರಂಭವಾಗಲೆಂದು ಹಾರೈಸುತ್ತೇವೆ.